ಮುದ್ದೆಯನ್ನು ಬಿಡುವ ಮೊದಲು ಪ್ರೋಟೀನಿನ ಲೆಕ್ಕ ನೋಡಿ

ನಮಸ್ಕಾರ. ತೂಕ 72 ಕೆಜಿ, ಸಸ್ಯಾಹಾರ, ಕೊಬ್ಬು ಕರಗಿಸಲು ದಿನಕ್ಕೆ 1200 ಕ್ಯಾಲೊರಿಗೆ ಇಳಿಸಿದ ಮೇಲೆ ಜಿಮ್‌ನಲ್ಲಿ ಎತ್ತುವ ಭಾರವೂ ಕುಸಿಯುತ್ತಿದೆ, ಇನ್ನು ರಾಗಿಮುದ್ದೆಯನ್ನೂ ಬಿಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ತೂಕ ಸ್ಥಿರವಾಗಿದ್ದಾಗ 2300 ಕ್ಯಾಲೊರಿ ಸೇವಿಸುತ್ತಿದ್ದುದಾಗಿ ನೀವೇ ಬರೆದಿರುವುದರಿಂದ 1100ರ ಕಡಿತ ಅತಿಯಾಯಿತು. ಕೊರತೆ ಇಷ್ಟು ದೊಡ್ಡದಾಗಿ ಪ್ರೋಟೀನೂ ಸಾಲದಿದ್ದರೆ ದೇಹವು ಕೊಬ್ಬಿನೊಂದಿಗೆ ಸ್ನಾಯುವನ್ನೂ ಕರಗಿಸುತ್ತದೆ. 1900ಕ್ಕೆ ಏರಿಸಿ. ಕೆಜಿಗೆ 1.6 ಗ್ರಾಂನಂತೆ ಸುಮಾರು 115 ಗ್ರಾಂ ಪ್ರೋಟೀನಿಗೆ 460 ಕ್ಯಾಲೊರಿ, 55 ಗ್ರಾಂ ಕೊಬ್ಬಿಗೆ 495 ಕ್ಯಾಲೊರಿ ಹೋದರೂ ಸುಮಾರು 236 ಗ್ರಾಂ ಕಾರ್ಬೋಹೈಡ್ರೇಟಿಗೆ ಅವಕಾಶ ಉಳಿಯುತ್ತದೆ. ಮುದ್ದೆಗೆ ಅಷ್ಟು ಧಾರಾಳ ಸಾಕು.

ನಿಜವಾದ ಕಷ್ಟ ಪ್ರೋಟೀನಿನದು. ಬೇಯಿಸದ 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದ್ದರೂ, ನಮ್ಮ ತಿಳಿಸಾರಿನ ಒಂದು ಬಟ್ಟಲಿಗೆ ಬರುವುದು ಕೆಲವೇ ಚಮಚ ಬೇಳೆ. ಒಣ ಸೋಯಾ ಚಂಕ್ಸ್ 50 ಗ್ರಾಂ ಹಾಕಿದರೆ ಸುಮಾರು 26 ಗ್ರಾಂ ದೊರೆಯುತ್ತದೆ; ಉಳಿದದ್ದನ್ನು ಕಾಳಿನ ಗಟ್ಟಿ ಪಲ್ಯ, ಮೊಸರು, ಪನೀರ್‌ಗಳಿಂದ ತುಂಬಿಸಿಕೊಳ್ಳಬಹುದು, ಆದರೆ ಪನೀರಿನ ಕೊಬ್ಬನ್ನು ಆ 55 ಗ್ರಾಂನೊಳಗೇ ಎಣಿಸಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.