ಜೈಲಿನ ಪತ್ರದ ಮೊದಲ ಓದುಗ

ಪತ್ರಾಗಾರವೊಂದರಲ್ಲಿ ರಾಜಕೀಯ ಕೈದಿಯೊಬ್ಬರು ಹೆಂಡತಿಗೆ ಬರೆದ ಪತ್ರಗಳನ್ನು ಓದಿದ ಓದುಗರು ಕೇಳಿದ್ದಾರೆ: ‘ಎಲ್ಲದರಲ್ಲೂ “ನಾನು ಕ್ಷೇಮ, ಚಿಂತೆ ಬೇಡ” ಎಂಬುದೇ ಇದೆ. ಹೊಡೆತದ ಮಾತಿಲ್ಲ, ಊಟದ ದೂರಿಲ್ಲ. ನಡುವೆ ಐದು ತಿಂಗಳು ಪತ್ರವೇ ಇಲ್ಲ. ಜೈಲು ಅಷ್ಟೇನೂ ಕಷ್ಟವಿರಲಿಲ್ಲ ಎಂದುಕೊಳ್ಳಬಹುದೇ?’

ಸಂಪಾದಕರ ಉತ್ತರ:

ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಆ ಪತ್ರವನ್ನು ಹೆಂಡತಿಗಿಂತ ಮೊದಲು ಓದುತ್ತಿದ್ದವನು ಸೆನ್ಸಾರ್ ಅಧಿಕಾರಿ. ಅದು ಗಂಡನಿಗೂ ಗೊತ್ತು, ಹೆಂಡತಿಗೂ ಗೊತ್ತು. ಜೈಲಿನ ಬಗ್ಗೆ ದೂರಿದರೆ ಹಾಳೆ ಹೊರಗೆ ಹೋಗುವುದೇ ಅನುಮಾನ. ಆದ್ದರಿಂದ ಒಕ್ಕಣೆಗೆ ಕೈಹಾಕುವ ಮೊದಲು ಆ ಜೈಲಿನ ಆ ಕಾಲದ ನಿಯಮ ಹುಡುಕಿ: ಎಷ್ಟು ದಿನಕ್ಕೊಂದು ಪತ್ರ, ಎಷ್ಟು ಉದ್ದ, ಯಾರಿಗೆ, ಯಾವ ಭಾಷೆಯಲ್ಲಿ. ಎಷ್ಟೋ ಸಲ ಅದು ಪತ್ರದ ನಮೂನೆಯ ಮೇಲೇ ಅಚ್ಚಾಗಿರುತ್ತದೆ, ನಾವೇ ನೋಡುವುದಿಲ್ಲ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ನೆಲ್ಸನ್ ಮಂಡೇಲಾ ಅವರಿಗೆ ಆರಂಭದಲ್ಲಿ 6 ತಿಂಗಳಿಗೆ ಒಂದೇ ಪತ್ರ, ಅದೂ 500 ಪದದೊಳಗೆ. ಮಕ್ಕಳ ಓದು, ಮನೆಯ ಕಷ್ಟ, ನೆಂಟರ ಸಾವು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು.

ಬರ್ಲಿನ್ನಿನ ಟೇಗಲ್ ಜೈಲಿನಲ್ಲಿದ್ದ, ಹಿಟ್ಲರನ ವಿರೋಧಿಯಾಗಿದ್ದ ಪಾದ್ರಿ ಬಾನ್‌ಹಾಫರ್ ಅವರದು ಇದಕ್ಕೆ ಒಳ್ಳೆಯ ಉದಾಹರಣೆ. 1943ರಲ್ಲಿ ತಂದೆತಾಯಿಗೆ ಬರೆದವು ಸೆನ್ಸಾರ್ ಕೈದಾಟಿ ಹೋದವು. ತುಂಬ ಸಮಾಧಾನದ ದನಿ. ನವೆಂಬರ್‌ನಿಂದ ಗೆಳೆಯ ಬೆತ್ಗೆಗೆ ಬರೆದವನ್ನು ಕಾವಲುಗಾರರೇ ಗುಟ್ಟಾಗಿ ಸಾಗಿಸಿದರು. ಒಳಗಿನ ಹೇಸಿಗೆಯ ಮಾತು ಬರುವುದು ಅವುಗಳಲ್ಲಿ. ಬರೆದವರೂ ಒಬ್ಬರೇ, ಜೈಲೂ ಒಂದೇ.

ಇನ್ನು ನಿಮ್ಮ ಐದು ತಿಂಗಳು. ನನಗೆ ಕುತೂಹಲ ಇರುವುದು ಅಲ್ಲೇ. ಒಂದು ಪಟ್ಟಿ ಮಾಡಿ: ಬರೆದ ದಿನ, ಸೆನ್ಸಾರ್ ಮೊಹರಿನ ದಿನ, ಅಂಚೆಮುದ್ರೆಯ ದಿನ, ಪತ್ರದ ಕ್ರಮಸಂಖ್ಯೆ, ಕೈದಿ ಸಂಖ್ಯೆ, ಭಾಷೆ, ಕತ್ತರಿಸಿದ ಅಥವಾ ಮಸಿ ಬಳಿದ ಜಾಗ. ಲಕೋಟೆ ಬಿಡಬೇಡಿ. ಕತ್ತರಿ ಆಡಿಸಿದ್ದರೆ ಹಾಳೆಯ ಹಿಂಬದಿಯ ಸಾಲುಗಳೂ ಹೋಗಿರುತ್ತವೆ. ಅಲ್ಲಿ ಅರ್ಥ ತುಂಡಾದದ್ದು ಬರೆದವರ ತಪ್ಪಲ್ಲ. ಬರೆದ ದಿನಕ್ಕೂ ಅಂಚೆಮುದ್ರೆಗೂ ವಾರಗಟ್ಟಲೆ ಅಂತರ ಇದ್ದರೆ ಪತ್ರ ಜೈಲಿನ ಕಚೇರಿಯಲ್ಲೇ ಕೂತಿತ್ತು ಎನ್ನಬಹುದು, ಅನುವಾದಕ್ಕೆ ಕಾದಿರಲೂಬಹುದು.

ಅಂತರದ ನಂತರದ ಮೊದಲ ಪತ್ರವನ್ನು ಎರಡು ಸಲ ಓದಿ. ‘ಹಿಂದಿನ ಪತ್ರದಲ್ಲಿ ತಿಳಿಸಿದಂತೆ’ ಎಂದಿದ್ದು, ಆ ಹಿಂದಿನದು ನಿಮ್ಮ ಕಟ್ಟಿನಲ್ಲಿ ಇಲ್ಲದಿದ್ದರೆ, ಬರೆದದ್ದು ಕಳೆದಿದೆ ಅಥವಾ ತಡೆಯಲ್ಪಟ್ಟಿದೆ. ಕೈದಿ ಸಂಖ್ಯೆಯೋ ಜೈಲಿನ ಹೆಸರೋ ಬದಲಾಗಿದ್ದರೆ ವರ್ಗಾವಣೆ. ಎರಡೂ ಇಲ್ಲದಿದ್ದರೆ ಶಿಕ್ಷೆಯ ರಿಜಿಸ್ಟರ್ ಕೇಳಿ. ಪತ್ರದ ಹಕ್ಕು ಕಿತ್ತುಕೊಳ್ಳುವುದು ಜೈಲುಗಳಲ್ಲಿ ಮಾಮೂಲಿ ಶಿಕ್ಷೆ. ತಡೆದ ಪತ್ರಗಳು ಮನೆಯವರ ಕಟ್ಟಿನಲ್ಲಿ ಸಿಗುವುದಿಲ್ಲ, ಉಳಿದಿದ್ದರೆ ಜೈಲು ಅಥವಾ ಪೊಲೀಸ್ ಕಡತದಲ್ಲಿ ಸಿಗಬಹುದು. ಮಂಡೇಲಾ ತಮ್ಮ ಪತ್ರಗಳನ್ನು ನಕಲು ಮಾಡಿಟ್ಟುಕೊಂಡಿದ್ದ 2 ನೋಟ್‌ಪುಸ್ತಕಗಳು ಮರಳಿ ಬಂದದ್ದು 2004ರಲ್ಲಿ, ಮಾಜಿ ಪೊಲೀಸ್ ಅಧಿಕಾರಿಯೊಬ್ಬರ ಕೈಯಿಂದ.

‘ಮಾವನಿಗೆ ಜ್ವರ’ ಎಂದ ಕೂಡಲೇ ಸಂಕೇತಭಾಷೆ ಎನ್ನುವ ಚಪಲ ಬೇಡ. ಮಾವನಿಗೆ ನಿಜವಾಗಿಯೂ ಜ್ವರ ಬಂದಿರಬಹುದು. ಹೆಂಡತಿಯ ಉತ್ತರಗಳು ಸಿಕ್ಕಿದರೆ ಅದು ತಿಳಿಯುತ್ತದೆ. ಅವು ಬೇರೆ ಕಡತದಲ್ಲಿರುವುದೇ ಹೆಚ್ಚು, ಸಿಬ್ಬಂದಿಯನ್ನು ಬಿಡದೆ ಕೇಳಿ. ಅನುಮತಿ ಸಿಕ್ಕರೆ ಎರಡೂ ಬದಿಯ ಚಿತ್ರ ತೆಗೆಯಿರಿ, ಖಾಲಿ ಬದಿಯದ್ದೂ. ಕಟ್ಟಿನ ಕ್ರಮವನ್ನು ಮಾತ್ರ ತಾರೀಖಿನ ಪ್ರಕಾರ ಜೋಡಿಸಲು ಹೋಗಬೇಡಿ. ಆ ಕೆಲಸ ನಿಮ್ಮ ಪಟ್ಟಿಯಲ್ಲಿ ಆಗಲಿ.