ಬಾಂಗಡಾ ಅಂದರೂ ಬಂಗುಡೆ ಅಂದರೂ

ಕುಂದಾಪುರದಿಂದ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಗಡಿಯಲ್ಲಿ ಕೂತು ಕಾದಂಬರಿ ಬರೆಯುವವನ ದಿನ ಹೇಗಿರುತ್ತದೆ, ದಿನಾ ಭಾಷೆಯ ಜಗಳ ಅಲ್ವಾ ಅಂತ ಒಂದು. ಬೆಳಗಾವಿಯಲ್ಲಿ ಸಮುದ್ರವೇ ಇಲ್ಲ, ಮೀನುಗಾರರ ಕಥೆ ನಿಮಗ್ಯಾಕೆ ಬೇಕಿತ್ತು ಅಂತ ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ಖಾರ ಇತ್ತು. ಇರಲಿ, ಮೀನಿನ ಊರಿನವರ ಮಾತಿನಲ್ಲಿ ಖಾರ ಇಲ್ಲದಿದ್ದರೆ ಹೇಗೆ? ನನ್ನ ಮಟ್ಟಿಗೆ ಎರಡೂ ಒಂದೇ ಪ್ರಶ್ನೆ. ಹಾಗಾಗಿ ಕಲಸಿಯೇ ಹೇಳುತ್ತೇನೆ.

ನನ್ನ ಮನೆ ವಡಗಾವಿಯಲ್ಲಿದೆ. ಬೆಳಗಾವಿಯ ನೇಕಾರರ ಓಣಿಗಳು ಅಂದರೆ ಶಹಾಪುರ, ವಡಗಾವಿ. ಬೆಳಿಗ್ಗೆ ಐದಕ್ಕೆ ಎದ್ದು ಕೂತುಕೊಳ್ಳುತ್ತೇನೆ. ಐದೂವರೆಗೆ ಪಕ್ಕದ ಮನೆಯ ಪವರ್‌ಲೂಮ್ ಶುರುವಾಗುತ್ತದೆ. ಗೋಡೆ ಸಣ್ಣಗೆ ಅದುರುತ್ತದೆ, ಮೇಜಿನ ಮೇಲಿನ ಚಹಾದಲ್ಲಿ ಉಂಗುರ ಏಳುತ್ತದೆ. ಬೇರೆಯವರಿಗೆ ಇದು ತಲೆನೋವು. ನನಗೆ ಆ ಖಟಖಟ ಇಲ್ಲದಿದ್ದರೆ ಕೈ ಓಡುವುದಿಲ್ಲ. ಅಪ್ಪ ಕೈಮಗ್ಗದವರು, ನಾನು ಓದಿದ್ದೂ ಮಗ್ಗದ ಗುಂಡಿಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು. ಕರೆಂಟ್ ಹೋದರೆ ಪಕ್ಕದವರಿಗೆ ಕೂಲಿ ಹೋಯಿತು, ನನಗೆ ವಾಕ್ಯ ಹೋಯಿತು. ಆಗ ಎದ್ದು ಬಾಗಿಲಿಗೆ ಬರುತ್ತೇನೆ. ಅವರೂ ಬಂದು ನಿಂತಿರುತ್ತಾರೆ. ಇಬ್ಬರೂ ಕಂಬ ನೋಡುತ್ತೇವೆ.

ಏಳರ ಹೊತ್ತಿಗೆ ಓಣಿ ಮಾತಾಡಲು ಶುರು ಮಾಡುತ್ತದೆ. ಹಾಲಿನವನು ಮರಾಠಿಯಲ್ಲಿ ಲೆಕ್ಕ ಹೇಳುತ್ತಾನೆ, ನನ್ನ ಹೆಂಡತಿ ಕನ್ನಡದಲ್ಲಿ ತಕರಾರು ಮಾಡುತ್ತಾಳೆ, ಲೆಕ್ಕ ಸರಿಹೋಗುತ್ತದೆ. ಮೊನ್ನೆ ಎದುರು ಮನೆಯ ಹುಡುಗಿ ಬಟ್ಟಲು ಹಿಡಿದು ಬಂದಳು. "ವೈನಿ, ಜರಾ ಮೊಸರು ಕೊಡ್ರಿ, ಉದ್ಯಾ ತಂದು ಕೊಡ್ತೀನಿ." ವೈನಿ ಅಂದರೆ ಅತ್ತಿಗೆ. ಉದ್ಯಾ ಅಂದರೆ ನಾಳೆ. ಎರಡೂ ಮರಾಠಿ. ಮೊಸರು ಕನ್ನಡ, ಕೊಡ್ರಿ ಕನ್ನಡ. ಆ ಹುಡುಗಿಯ ಮನೆಮಾತು ಯಾವುದು ಅಂತ ಕೇಳಿದರೆ ನನಗೆ ಥಟ್ಟನೆ ಹೇಳಲು ಬರುವುದಿಲ್ಲ, ಯೋಚಿಸಬೇಕಾಗುತ್ತದೆ. ಅವಳ ಅಜ್ಜಿ ಒಂದು ಆಡುತ್ತಾರೆ, ಅಮ್ಮ ಇನ್ನೊಂದು. ತಮ್ಮ ಇಂಗ್ಲಿಷ್ ಶಾಲೆಗೆ ಹೋಗಿ ಎರಡೂ ಮರೆಯುವ ಹಾದಿಯಲ್ಲಿದ್ದಾನೆ.

ನನ್ನ ಕೆಲಸದ ಕಷ್ಟ ಇರುವುದು ಇಲ್ಲೇ. ಬಾಯಲ್ಲಿ ಈ ಮಾತು ನೀರಿನ ಹಾಗೆ ಹರಿಯುತ್ತದೆ. ಕಾಗದದ ಮೇಲೆ ಬಂದ ಕೂಡಲೇ "ಇದು ಯಾವ ಭಾಷೆ?" ಅಂತ ಯಾರಾದರೂ ಕೇಳುತ್ತಾರೆ. ನನ್ನ ಮೊದಲ ಹಸ್ತಪ್ರತಿಯನ್ನು ದೂರದ ಊರಿನ ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ಮೂರು ತಿಂಗಳ ಮೇಲೆ ಕೆಂಪು ಶಾಯಿಯಲ್ಲಿ ಮಿಂದು ವಾಪಸ್ ಬಂತು. ವೈನಿ ಇದ್ದಲ್ಲೆಲ್ಲ ಅತ್ತಿಗೆ. ತಾಸು ಇದ್ದಲ್ಲಿ ಗಂಟೆ. ಖೋಲಿ ಇದ್ದಲ್ಲಿ ಕೋಣೆ. ಅದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ನನ್ನ ನೇಕಾರ ನಸುಕಿನಲ್ಲಿ ಕುಡಿಯುವ ಚಹಾವನ್ನು ಅವರು ಕಾಫಿ ಮಾಡಿದ್ದರು! ವಡಗಾವಿಯ ನೇಕಾರ ಕಾಫಿ ಕುಡಿಯುವುದನ್ನು ನಾನಂತೂ ನೋಡಿಲ್ಲ. ಆ ಪ್ರತಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಬೇಜಾರಾದಾಗ ತೆಗೆದು ನಗುತ್ತೇನೆ.

ಅಂದ ಹಾಗೆ ಸಾಲ ಒಂದೇ ಕಡೆಯದಲ್ಲ. ಮರಾಠಿಯವರು ತುಪ್ಪಕ್ಕೆ ತೂಪ್ ಅನ್ನುತ್ತಾರೆ, ಅಡಕೊತ್ತಿಗೆ ಅಡಕಿತ್ತಾ ಅನ್ನುತ್ತಾರೆ. ನಮ್ಮ ತುಪ್ಪ ಅವರ ಅನ್ನದ ಮೇಲೆ ಬಿದ್ದು ಎಷ್ಟೋ ಕಾಲ ಆಯಿತು.

ಈಗ ಜಗಳದ ವಿಷಯ. ಜಗಳವೇ ಇಲ್ಲ, ಎಲ್ಲರೂ ಅಣ್ಣ ತಮ್ಮಂದಿರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಗಳ ಇದೆ. 1956ರ ನವೆಂಬರ್ 1ಕ್ಕೆ ಮುಂಬಯಿ ರಾಜ್ಯದಿಂದ ನಾವು ಇತ್ತ ಬಂದೆವು, ಆವತ್ತಿನಿಂದ ಇದೆ. 1967ರಲ್ಲಿ ಗಡಿ ವಿವಾದಕ್ಕಾಗಿ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಅಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 2012ರಲ್ಲಿ ಇಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆಯಿತು, 2014ರಲ್ಲಿ ಬೆಳಗಾಂ ಹೋಗಿ ಅಧಿಕೃತವಾಗಿ ಬೆಳಗಾವಿ ಬಂತು. ನವೆಂಬರ್ 1ರಂದು ಚನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಷ್ಟು ದೊಡ್ಡ ರಾಜ್ಯೋತ್ಸವ. ಅದೇ ದಿನ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರು ಕಪ್ಪು ಪಟ್ಟಿ ಕಟ್ಟಿಕೊಂಡು ಹೊರಡುತ್ತಾರೆ. ನೀವು ಟಿವಿಯಲ್ಲಿ ನೋಡುವುದು ಇಷ್ಟೇ. ಸುಳ್ಳಲ್ಲ ಅದು. ಆದರೆ ವರ್ಷಕ್ಕೆ ಎಷ್ಟು ದಿನ, ಹೇಳಿ?

ಜಗಳ ಬಂದಾಗ ಮೊದಲು ನಿಲ್ಲುವುದು ಬಸ್ಸು. ಎಲ್ಲೋ ಒಂದು ಬಸ್ಸಿಗೆ ಮಸಿ ಬಳಿದರು ಅಂದರೆ ಮುಗಿಯಿತು, ನಮ್ಮ ಗಾಡಿ ಗಡಿಯ ಈಚೆ ನಿಲ್ಲುತ್ತದೆ, ಮಹಾರಾಷ್ಟ್ರದವರ ಎಸ್‌ಟಿ ಬಸ್ಸು ಆಚೆ. ಒಮ್ಮೆ ಹೀಗೇ ಆದಾಗ ನಮ್ಮ ಸೋದರತ್ತೆ ಇಚಲಕರಂಜಿಗೆ ಮದುವೆಗೆ ಹೊರಟಿದ್ದರು. ಅಲ್ಲಿಯೂ ನಮ್ಮವರೇ, ನೇಕಾರರು, ಮನೆಯಲ್ಲಿ ಕನ್ನಡ. ಅತ್ತೆಯ ಕೈಯಲ್ಲಿ ಮಂಡಿಗೆಯ ಡಬ್ಬಿ. ನೀವು ಮಂಡಿಗೆ ತಿಂದಿದ್ದೀರೋ ಇಲ್ಲವೋ. ಹಪ್ಪಳಕ್ಕಿಂತ ತೆಳು, ಒಳಗೆ ಸಕ್ಕರೆ, ಉಸಿರು ಬಿಟ್ಟರೂ ಮುರಿಯುತ್ತದೆ. ನಿಪ್ಪಾಣಿ ದಾಟಿ ಕೊಗನೊಳ್ಳಿಯಲ್ಲಿ ಇಳಿದು, ಬಿಸಿಲಲ್ಲಿ ನಡೆದು, ಆಚೆ ಒಂದು ಟೆಂಪೋ ಹಿಡಿದು ಮದುವೆ ಮನೆ ಸೇರಿದರು. ವಾಪಸ್ ಬಂದ ಮೇಲೆ ಅವರು ಎರಡು ಸರ್ಕಾರಕ್ಕೂ ಬೈದರು. ಗಡಿಯ ಸಲುವಾಗಿ ಅಲ್ಲ. "ಮಂಡಗಿ ಪುಡಿ ಪುಡಿ ಆತಲ್ಲೋ, ಬೀಗರ ಮುಂದ ಮಾನ ಹೋತು." ಈ ಪ್ರಸಂಗವನ್ನು ಒಂದು ಅಧ್ಯಾಯ ಮಾಡಲು ನಾಲ್ಕು ಸಲ ಕೂತಿದ್ದೇನೆ. ಅತ್ತೆ ಹೇಳಿದಷ್ಟು ಚೆನ್ನಾಗಿ ಒಮ್ಮೆಯೂ ಬರಲಿಲ್ಲ.

ಇನ್ನು ಸಮುದ್ರ.

ನಾನು ಪ್ರೌಢಶಾಲೆಯ ಕನ್ನಡ ಮಾಸ್ತರ. ನಮ್ಮ ಬೆಳಗಾವಿ ವಿಭಾಗದಲ್ಲಿ ಉತ್ತರ ಕನ್ನಡವೂ ಸೇರುತ್ತದೆ. ಹಾಗಾಗಿ ನೌಕರಿ ಸಿಕ್ಕಾಗ ಕಾರವಾರದ ಕಾಳಿ ನದಿಯಾಚೆ ಒಂದು ಹಳ್ಳಿಗೆ ಹಾಕಿದರು. ಮಾಜಾಳಿ ದಾಟಿದರೆ ಗೋವಾ. ಆರು ವರ್ಷ ಅಲ್ಲಿದ್ದೆ. ಹೋಗುವಾಗ ಪರದೇಶಕ್ಕೆ ಹೊರಟ ಹಾಗೆ ಅತ್ತಿದ್ದೆ. ಹೋಗಿ ನೋಡಿದರೆ ನಮ್ಮ ಓಣಿಯೇ ಎದ್ದು ಬಂದು ದಂಡೆಯ ಮೇಲೆ ಕೂತಂತಿತ್ತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಜನೆಗೆ ಮರಾಠಿ. ಮಕ್ಕಳು ಪರೀಕ್ಷೆಯಲ್ಲಿ ಕನ್ನಡ ಬರೆದು ಹೊರಗೆ ಬಂದು ಕೊಂಕಣಿಯಲ್ಲಿ ಅಂಕ ಲೆಕ್ಕ ಹಾಕುತ್ತಿದ್ದರು. ಬೇರೆ ಊರಿಂದ ಬಂದ ಮಾಸ್ತರರು ಗಾಬರಿಯಾಗುತ್ತಿದ್ದರು. ನನಗೆ ಏನೂ ಅನಿಸಲಿಲ್ಲ.

ಅಲ್ಲಿ ಒಂದು ದಿನ ರಂಪಣಿ ಬಲೆ ಎಳೆದೆ. ನಿಮಗೆ ಗೊತ್ತಿರುವುದೇ, ಆದರೂ ನಮ್ಮ ಕಡೆಯವರು ಓದಿದರೆ ಇರಲಿ ಅಂತ ಹೇಳುತ್ತೇನೆ. ಬಲೆಯ ಒಂದು ತುದಿ ದಂಡೆಯ ಮೇಲಿರುತ್ತದೆ. ದೋಣಿ ಬಲೆ ಬಿಡುತ್ತಾ ಅರ್ಧ ಚಂದ್ರದ ಹಾಗೆ ಸುತ್ತಿ ಬಂದು ಇನ್ನೊಂದು ತುದಿಯನ್ನೂ ದಂಡೆಗೆ ತರುತ್ತದೆ. ಆಮೇಲೆ ಎರಡು ಸಾಲು ಜನ ಎಳೆಯಬೇಕು. ನಾನು ಹಗ್ಗ ಹಿಡಿದು ಬಲವಾಗಿ ಜಗ್ಗಿದೆ. ಹತ್ತು ನಿಮಿಷಕ್ಕೆ ಅಂಗೈ ಸುಲಿಯಿತು. ಪಕ್ಕದ ಮುದುಕ ಕೊಂಕಣಿಯಲ್ಲಿ ಏನೋ ಅಂದ, ಎಲ್ಲರೂ ನಕ್ಕರು. ನನ್ನ ವಿದ್ಯಾರ್ಥಿಯೊಬ್ಬ ತರ್ಜುಮೆ ಮಾಡಿದ: "ಸರ್, ಕೈಯಿಂದ ಎಳೀಬಾರದಂತೆ. ಸುಮ್ನೆ ಹಗ್ಗ ಹಿಡಿದು ಹಿಂದೆ ಹಿಂದೆ ನಡೀಬೇಕಂತೆ." ಹೌದು, ಅವರು ಯಾರೂ ಜಗ್ಗುತ್ತಿರಲಿಲ್ಲ. ಮೈಯ ಭಾರ ಹಿಂದಕ್ಕೆ ಹಾಕಿ, ಹಿಮ್ಮಡಿ ಮರಳಲ್ಲಿ ಊರಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದರು. ಕೊನೆಯಲ್ಲಿದ್ದವನು ಹಗ್ಗ ಬಿಟ್ಟು ಓಡಿ ನೀರಿನ ಅಂಚಿಗೆ ಬಂದು ಮತ್ತೆ ಮೊದಲಿಂದ ಹಿಡಿಯುತ್ತಿದ್ದ. ಬಲೆ ದಂಡೆಗೆ ಬರುವಾಗ ನೀರು ಕುದಿಯುವ ಹಾಗೆ ಕಂಡಿತು. ಹಗ್ಗ ಹಿಡಿದವರಿಗೆಲ್ಲ ಪಾಲು. ಸುಲಿದ ಕೈಯ ಮಾಸ್ತರನಿಗೂ ನಾಲ್ಕು ಬಂಗುಡೆ ಮೀನು ಬಂತು. ಆ ಮುದುಕ ಪರ್ಸೀನ್ ಬೋಟುಗಳು, ಅಂದರೆ ಸಮುದ್ರದ ನಡುವೆಯೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಯಾಂತ್ರಿಕ ಬೋಟುಗಳು, ಬರುವ ಮೊದಲಿನ ಕಾಲ ಕಂಡವನು. 1970ರ ದಶಕದಲ್ಲಿ ಅವು ಬಂದ ಮೇಲೆ ಬಂಗುಡೆಯ ಹಿಂಡು ದಂಡೆ ಮುಟ್ಟುವ ಮೊದಲೇ ಖಾಲಿಯಾಗತೊಡಗಿತು, ರಂಪಣಿ ಒಂದೊಂದಾಗಿ ಮನೆಯ ಅಟ್ಟ ಸೇರಿತು.

ಮಗ್ಗದ ಮನೆಯಲ್ಲಿ ಬೆಳೆದವನಿಗೆ ಇದು ಹೊಸ ಕಥೆ ಅಲ್ಲ. ಪವರ್‌ಲೂಮ್ ಬಂದಾಗ ನಮ್ಮಪ್ಪನ ಕೈಮಗ್ಗವೂ ಅಟ್ಟ ಸೇರಿತ್ತು. ನನ್ನ ಕಾದಂಬರಿ ಹುಟ್ಟಿದ್ದು ಆ ಅಟ್ಟದಲ್ಲಿ. ಸಮುದ್ರದಲ್ಲಿ ಅಲ್ಲ.

ತಪ್ಪು ಮಾಡಲಿಲ್ಲವೇ ಅಂದರೆ, ಮಾಡಿದೆ. ದೊಡ್ಡ ತಪ್ಪು. ಹನ್ನೊಂದನೇ ಅಧ್ಯಾಯದಲ್ಲಿ ಜುಲೈ ತಿಂಗಳ ನಡುವೆ ಒಂದು ಟ್ರಾಲ್ ಬೋಟನ್ನು, ಅಂದರೆ ಹಿಂದೆ ಬಲೆ ಎಳೆದುಕೊಂಡು ಹೋಗುವ ಯಾಂತ್ರಿಕ ಬೋಟನ್ನು, ಸಮುದ್ರಕ್ಕೆ ಇಳಿಸಿಬಿಟ್ಟೆ. ಪುಸ್ತಕ ಬಂದ ವಾರಕ್ಕೆ ಕಾರವಾರದಿಂದ ಒಂದು ಕಾಗದ. "ಮಾಸ್ತರರೇ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ. ಮೀನು ಮರಿ ಮಾಡುವ ಕಾಲ. ಹೋಗುವುದಿದ್ದರೆ ನಾಡದೋಣಿ ಹೋಗಬೇಕು. ಆರು ವರ್ಷ ನಮ್ಮ ಮೀನು ತಿಂದಿರಿ, ಇಷ್ಟೂ ಗೊತ್ತಾಗಲಿಲ್ಲವೇ?" ಕಾಗದ ಓದಿ ಕಿವಿ ಬಿಸಿಯಾಯಿತು. ಗೊತ್ತಿತ್ತು. ಆದರೆ ಆ ಅಧ್ಯಾಯ ಬರೆದದ್ದು ಇಲ್ಲಿ, ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ, ಕಿಟಕಿ ಮುಚ್ಚಿಕೊಂಡು. ಇಲ್ಲಿಯ ಜುಲೈ ಅಂದರೆ ಭತ್ತದ ನಾಟಿ, ಕೊಡೆ, ಒಣಗದ ಬಟ್ಟೆ. ಕೈ ಇಲ್ಲಿಯ ಪಂಚಾಂಗದಲ್ಲೇ ಬರೆಯಿತು. ಎರಡನೇ ಮುದ್ರಣದಲ್ಲಿ ಬೋಟನ್ನು ನಾಡದೋಣಿ ಮಾಡಿದೆ. ನಾಲ್ಕು ಪಾತ್ರಗಳಿಗೆ ಅದರಲ್ಲಿ ಕೂರಲು ಜಾಗ ಸಾಲದೆ ಇಬ್ಬರನ್ನು ದಂಡೆಯ ಮೇಲೇ ಬಿಡಬೇಕಾಯಿತು. ಕಥೆಗೆ ಒಳ್ಳೆಯದೇ ಆಯಿತು ಅನ್ನಿ.

ಈಗಲೂ ಸಮುದ್ರ ಬೇಕು ಅನಿಸಿದರೆ ಭಾನುವಾರ ಇಲ್ಲಿಯ ದಂಡು ಪ್ರದೇಶದ, ಅಂದರೆ ಕ್ಯಾಂಪಿನ, ಮೀನು ಮಾರ್ಕೆಟ್ಟಿಗೆ ಹೋಗುತ್ತೇನೆ. ಗೋವಾ, ಕಾರವಾರ, ಮಾಲವಣ ಕಡೆಯಿಂದ ರಾತ್ರಿ ಘಟ್ಟ ಹತ್ತಿ ಬಂದ ಕ್ರೇಟುಗಳು, ಕರಗುತ್ತಿರುವ ಐಸು, ಕಾಲಡಿ ಕೆಂಪು ನೀರು. ನೀವು ಬಂಗುಡೆ ಅನ್ನುವುದು ಇಲ್ಲಿ ಬಾಂಗಡಾ. ಮಂಗಳೂರಿನ ಅಂಜಲ್ ಕಾರವಾರದಲ್ಲಿ ಇಸ್ವಣ, ಇಲ್ಲಿ ಸುರ್ಮಯಿ. ನಾನು ಒಂದೊಂದನ್ನೂ ತೋರಿಸಿ ಕೇಳುತ್ತಾ, ಚೀಟಿಯಲ್ಲಿ ಬರೆದುಕೊಳ್ಳುತ್ತಾ ನಿಲ್ಲುತ್ತೇನೆ. ಮಾರುವ ಅಕ್ಕನಿಗೆ ಸಾಕಾಗಿದೆ. "ಮಾಸ್ತರ, ನೀವು ತೊಗೊಳ್ಳೋದು ಅರ್ಧ ಕಿಲೋ, ಹೆಸರು ಕೇಳೋದು ನಾಕು. ಹಿಂದ ಗಿರಾಕಿ ನಿಂತಾರ, ಸರೀರಿ." ಜೂನ್ ಬಂತು ಅಂದರೆ ಅವಳೂ ರೇಟು ಏರಿಸುತ್ತಾಳೆ. ಶ್ರಾವಣ ಹಿಡಿದರೆ ನಮ್ಮ ಮನೆಯಲ್ಲಿ ಮೀನಿನ ಹೆಸರೂ ಎತ್ತುವ ಹಾಗಿಲ್ಲ.

ಬರವಣಿಗೆಯಲ್ಲಿ ಈಗ ಒಂದು ರೂಢಿ ಮಾಡಿಕೊಂಡಿದ್ದೇನೆ. ಕಥೆ ಹೇಳುವುದು ಸಾದಾ ಕನ್ನಡದಲ್ಲಿ. ಕರೆಯುವ ಮಾತು, ಬೈಯುವ ಮಾತು, ತಿನ್ನುವ ವಸ್ತು, ಈ ಮೂರನ್ನು ಮಾತ್ರ ಮುಟ್ಟುವುದಿಲ್ಲ. ಆ ಮನೆಯಲ್ಲಿ ಹೇಗಿದೆಯೋ ಹಾಗೇ. ಕೊನೆಯಲ್ಲಿ ಪದಗಳ ಅರ್ಥ ಕೊಡಿ ಅಂತ ಕೇಳುವವರಿದ್ದಾರೆ. ನಾನು ಕೊಡುವುದಿಲ್ಲ. ನಾವು ನಿಮ್ಮ ಕಡೆಯ ಕಥೆ ಓದುವಾಗ ಯಾರೂ ನಮಗೆ ಅರ್ಥದ ಪಟ್ಟಿ ಕೊಟ್ಟಿರಲಿಲ್ಲ. ಎರಡು ಪುಟ ಓದಿದರೆ ತಾನೇ ತಿಳಿಯುತ್ತಿತ್ತು.

ಹೊಸದೊಂದು ಬರೆಯುತ್ತಿದ್ದೇನೆ. ಈ ಸಲ ಖಾನಾಪುರ ತಾಲ್ಲೂಕು, ಈಗ ನಾನು ದಿನಾ ಬಸ್ಸಿನಲ್ಲಿ ಹೋಗಿ ಬರುವ ಸೀಮೆ. ಆ ತಾಲ್ಲೂಕಿನ ಕಾಡು ವಿಚಿತ್ರ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹೋಗಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತಾಳೆ. ಅದೇ ತಾಲ್ಲೂಕಿನಲ್ಲಿ ಹುಟ್ಟಿದ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿ ಅಂತ ಹೆಸರು ಬದಲಿಸಿ, ಪಣಜಿಯ ಹತ್ತಿರ ನಿಮ್ಮ ಸಮುದ್ರಕ್ಕೇ ಬೀಳುತ್ತಾಳೆ. ಅದರ ನೀರಿಗೂ ಜಗಳ, 2018ರಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟರೂ ಮುಗಿದಿಲ್ಲ. ನನ್ನ ಕಥೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಎಮ್ಮೆ ಮೇಯಿಸಿಕೊಂಡಿರುತ್ತಾಳೆ. ಮಳೆ ಬಿದ್ದಾಗ ಗುಡ್ಡದ ನೆತ್ತಿಯಲ್ಲಿ ನಿಂತು ಯಾವ ನೀರು ಯಾವ ಕಡೆ ಹೋಗುತ್ತದೆ ಅಂತ ಎಮ್ಮೆಗೆ ಹೇಳುತ್ತಾಳೆ. ಯಾವ ಭಾಷೆಯಲ್ಲಿ ಹೇಳುತ್ತಾಳೆ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಎರಡು ತಿಂಗಳಿಂದ ಅದೇ ಪುಟದಲ್ಲಿದ್ದೇನೆ.

ನೋಡಬೇಕಿದ್ದರೆ ಬನ್ನಿ. ಕಾರವಾರ, ಪಣಜಿ ಮೇಲೆ ಹಾಯ್ದು ಚೋರ್ಲಾ ಘಟ್ಟ ಹತ್ತಿ. ಮಳೆಗಾಲದ ರಾತ್ರಿ ಮಾತ್ರ ಆ ದಾರಿ ಬೇಡ, ಮಂಜಿಗೆ ಎದುರಿನ ಲಾರಿ ಕಾಣುವುದಿಲ್ಲ. ಬರುವಾಗ ಅರ್ಧ ಕಿಲೋ ಒಣ ಸಿಗಡಿ ತನ್ನಿ. ಇಲ್ಲಿ ಸಿಗುವುದರಲ್ಲಿ ಮರಳು ಜಾಸ್ತಿ. ಹೋಗುವಾಗ ನಮ್ಮೂರಿನ ಸಿಹಿ, ಕುಂದಾ, ಕಟ್ಟಿಸಿಕೊಡುತ್ತೇನೆ. ಮಂಡಿಗೆ ಕೇಳಬೇಡಿ, ನಿಮ್ಮೂರು ಮುಟ್ಟುವಷ್ಟರಲ್ಲಿ ಉಳಿಯುವುದಿಲ್ಲ.