ಗೋಕರ್ಣದ ಹೋಮ್‌ಸ್ಟೇಯಲ್ಲಿ ರಾತ್ರಿ ಹಾಡು ಹಾಕಬಹುದಾ, ಹೊರಗೆ ಸಿಗರೇಟು ಸೇದಿದರೆ ದಂಡ ಇದೆಯಾ?

ಡಿಸೆಂಬರ್ ಕೊನೆಗೆ ಹತ್ತು ಜನ ಗೆಳೆಯರು ಬರುತ್ತಿದ್ದೀರಿ. ಕುಡ್ಲೆ ಬೀಚಿನ ಹತ್ತಿರ ಇಡೀ ಹೋಮ್‌ಸ್ಟೇ ಹಿಡಿದಿದ್ದೀರಿ. ದುಡ್ಡು ಕೊಟ್ಟ ಜಾಗದಲ್ಲಿ ಹಾಡು ಹಾಕಿದರೆ ಯಾರು ಬಂದು ಕೇಳುತ್ತಾರೆ ಅನ್ನೋದು ನಿಮ್ಮ ಪ್ರಶ್ನೆ. ನಾನು ಇದೇ ಊರಿನವನು. ಅಕ್ಕಪಕ್ಕದವರು ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ.

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಸ್ಪೀಕರ್ ಹಾಕುವಂತಿಲ್ಲ. ಇದು ನಮ್ಮೂರಿನವರು ಮಾಡಿಕೊಂಡ ನಿಯಮ ಅಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ, ಇಡೀ ದೇಶಕ್ಕೆ ಒಂದೇ. ಅಂಗಳ, ತಾರಸಿ, ತೋಟ ಎಲ್ಲವೂ ಹೊರಗೇ ಲೆಕ್ಕ. ಸ್ಪೀಕರ್ ಇಲ್ಲ, ಬರೀ ಜೆಂಬೆ (ಕೈಯಲ್ಲಿ ಬಾರಿಸುವ ಡೋಲು) ಬಾರಿಸ್ತೀವಿ ಅಂತ ಕೆಲವರು ವಾದ ಮಾಡುತ್ತಾರೆ. ಆ ನಿಯಮದಲ್ಲಿ ವಾದ್ಯಗಳೂ ಸೇರಿವೆ. ಮನೆಗಳಿರುವ ಕಡೆ ರಾತ್ರಿಯ ಮಿತಿ 45 ಡೆಸಿಬಲ್, ಮೆಲ್ಲಗೆ ಮಾತಾಡಿದಷ್ಟು. ಬೀಚಿನಲ್ಲಿ ಧ್ವನಿವರ್ಧಕ ಇಡುವುದಾದರೆ ಹಗಲಿಗೂ ಲಿಖಿತ ಅನುಮತಿ ಬೇಕು.

"ನೀವು ಮಾತ್ರ ಬೆಳಗಿನ ತನಕ ಯಕ್ಷಗಾನ ಆಡಿಸ್ತೀರಲ್ಲ?" ಅಂತ ಬಂದವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ಆಟದ ಮೈಕಿಗೂ ಇದೇ ನಿಯಮ. ಎಷ್ಟೋ ಮೇಳಗಳು ಬೆಳತನಕ ಆಡುವುದು ಬಿಟ್ಟು, ಕೆಲವೇ ತಾಸಿನಲ್ಲಿ ಮುಗಿಯುವ ಕಾಲಮಿತಿ ಆಟಕ್ಕೆ ಬಂದದ್ದಕ್ಕೆ ಇದೂ ಒಂದು ಕಾರಣ. ಹಬ್ಬ, ಜಾತ್ರೆ ಅಂತ ಸರ್ಕಾರ ರಾತ್ರಿ 12ರ ತನಕ ಸಡಿಲ ಮಾಡಬಹುದು, ಅದೂ ವರ್ಷಕ್ಕೆ 15 ದಿನಕ್ಕಿಂತ ಜಾಸ್ತಿ ಇಲ್ಲ. ಬೆಳತನಕ ಚೆಂಡೆ ಕೇಳಿ ಬೆಳೆದವರಿಗೆ ಅದನ್ನು ಒಪ್ಪಿಕೊಳ್ಳುವುದು ಸುಲಭ ಇರಲಿಲ್ಲ.

ನಮ್ಮ ಕಡೆ ಹಳೆ ಮನೆಗಳೆಲ್ಲ ಹಂಚಿನವು. ಸೆಕೆಗೆ ಗಾಳಿಯಾಡಲಿ ಅಂತ ಗೋಡೆಗೂ ಮಾಡಿಗೂ ನಡುವೆ ಕೈ ತೂರುವಷ್ಟು ಸಂದಿ ಬಿಟ್ಟಿರುತ್ತಾರೆ. ಹಾಡಿನ ಮಾತು ಅದರಲ್ಲಿ ಬರುವುದಿಲ್ಲ, ಬರೀ ಧಂ ಧಂ ಬರುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಗ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ಪಾರ್ಟಿ ನಡೆದಿತ್ತು. ಮಗು ಪ್ರತಿ ಸಲ ಬೆಚ್ಚಿ ಬಿದ್ದು ಅಳುತ್ತಿತ್ತು. ಬಾಣಂತಿಯ ಅಮ್ಮ ಅದನ್ನು ಎತ್ತಿಕೊಂಡು ಕೊಟ್ಟಿಗೆಯ ಹಿಂದಿನ ಕೋಣೆಗೆ ಹೋಗಿ ಕೂತರು. ಮೀನಿಗೆ ಹೋಗುವವರು ನಸುಕಿಗೇ ಏಳಬೇಕು. ಪೇಟೆಗೆ ತರಕಾರಿ ತರುವ ಹಾಲಕ್ಕಿ ಸಮುದಾಯದ ಹೆಂಗಸರೂ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾರೆ. ಇವರು ಯಾರೂ ಬಂದು ಜಗಳ ಮಾಡುವವರಲ್ಲ. ಸುಮ್ಮನೆ ಇದ್ದಾರೆ ಅಂದರೆ ತೊಂದರೆ ಆಗಿಲ್ಲ ಅಂತ ಅಲ್ಲ.

ಇನ್ನು ಸಿಗರೇಟು. ಹೋಟೆಲ್, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಎಲ್ಲ ಸಾರ್ವಜನಿಕ ಸ್ಥಳ, ಅಲ್ಲಿ ಸೇದುವಂತಿಲ್ಲ. ಕರ್ನಾಟಕದಲ್ಲಿ ಮೊದಲು 200 ರೂಪಾಯಿ ಇದ್ದ ದಂಡ 2025ರಿಂದ 1000 ರೂಪಾಯಿ ತನಕ ಏರಿದೆ. 21 ವರ್ಷ ತುಂಬದವರಿಗೆ ಮಾರುವಂತೆಯೂ ಇಲ್ಲ. ಬಯಲು ಜಾಗವನ್ನು ತಂಬಾಕು ಕಾಯ್ದೆ ಈ ನಿಷೇಧದಿಂದ ಹೊರಗಿಟ್ಟಿದೆ ನಿಜ. ಆದರೆ ಕುಡ್ಲೆಯಿಂದ ಓಂ ಬೀಚಿಗೆ ಹೋಗುವ ಗುಡ್ಡದ ದಾರಿಯಲ್ಲಿ ದಯವಿಟ್ಟು ಹಚ್ಚಬೇಡಿ. ನೀವು ಬರುವ ಹೊತ್ತಿಗೆ ಹುಲ್ಲು ಒಣಗಿ ಕರಡವಾಗಿರುತ್ತದೆ. ಆರಿಸದೆ ಎಸೆದ ಒಂದು ತುಂಡು ಸಾಕು, ಗಾಳಿಗೆ ಗುಡ್ಡವೇ ಹತ್ತಿಕೊಳ್ಳುತ್ತದೆ. ತುಂಡುಗಳನ್ನು ಮರಳಲ್ಲಿ ಹೂಳಲೂ ಬೇಡಿ. ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋಗಿ.

ಬೀಚಿನಲ್ಲಿ ಕೂತು ಕುಡಿಯುವುದು ಕಾನೂನಿನ ಪ್ರಕಾರ ತಪ್ಪು. ದಂಡೆಯಲ್ಲಿ ಬೆಂಕಿ ಹಾಕುವ ಯೋಚನೆ ಇದ್ದರೆ ಅದನ್ನೂ ಬಿಡಿ. ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಕರಾವಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಜನ, ಬೆಳಕು ಕಂಡರೆ ಮೊಟ್ಟೆ ಇಡದೆ ತಿರುಗಿ ಹೋಗುವುದುಂಟು. ಮರಿಗಳಂತೂ ಬೆಳಕಿನ ಕಡೆಗೇ ಹೊರಟು ದಾರಿ ತಪ್ಪುತ್ತವೆ.

ಡಿಸೆಂಬರಲ್ಲಿ ಆರು ಗಂಟೆ ಸುಮಾರಿಗೆ ಹೊತ್ತು ಮುಳುಗುತ್ತದೆ. ಅಲ್ಲಿಂದ ಹತ್ತರ ತನಕ ನಾಲ್ಕು ತಾಸು ಸಿಗುತ್ತದೆ, ಸಣ್ಣ ದನಿಯಲ್ಲಿ ಹಾಡು ಕೇಳಲು ಅಷ್ಟು ಸಾಕಲ್ವಾ? ಆಮೇಲೆ ಒಳಗೆ ಬಾಗಿಲು ಹಾಕಿಕೊಂಡು ಕೂತು ಮಾತಾಡಿ. ಹತ್ತು ಜನ ಕೂರುವಂಥ ಕೋಣೆ ಇದೆಯಾ ಅಂತ ಮಾಲೀಕರಿಗೆ ಈಗಲೇ ಫೋನ್ ಮಾಡಿ ಕೇಳಿ. ಯಾರಾದರೂ 112ಕ್ಕೆ ಕರೆ ಮಾಡಿ ಪೊಲೀಸರು ಬಂದರೆ, ನಿಮ್ಮ ಜೊತೆಗೆ ಆ ಮಾಲೀಕರೂ ಉತ್ತರ ಕೊಡಬೇಕಾಗುತ್ತದೆ.